ಫೋನು ಹೇಳಿದ ಹೌದು

ಶಾರದವ್ವನಿಗೆ ಮೊದಲು ಹೇಸಿಕೆ ಬಂದದ್ದು ಆ ದನಿಯ ಮೇಲೆ. ಕಾಶಿನಾಥನ ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು ಮಾತಾಡುತ್ತಿದ್ದಳು. ಟೀವಿಯಲ್ಲಿ ಸುದ್ದಿ ಓದುವವರ ಹಾಗೆ ನುಣುಪು ಮಾತು, ಉಪ್ಪಿಲ್ಲ, ಖಾರವಿಲ್ಲ. ಎದುರಿಗೆ ಕೂತ ಒಡಿಯಾ ಹುಡುಗಿ ಬಾಯೊಳಗೇ ಎರಡು ಮಾತಾಡಿ ತಲೆ ತಗ್ಗಿಸಿದಳು. ಫೋನು ಒಂದು ಗಳಿಗೆ ತಡೆದು, "ನಮಸ್ಕಾರ. ನಿಮ್ಮೆಲ್ಲರನ್ನು ಭೇಟಿಯಾಗಿದ್ದು ನನಗೆ ತುಂಬಾ ಸಂತೋಷ ತಂದಿದೆ" ಎಂದಿತು. ಸಂತೋಷ ತಂದಿದೆಯಂತೆ! ಆ ಹುಡುಗಿಯ ಮುಖ ನೋಡಿದರೆ ಎರಡು ದಿನದಿಂದ ಬಾಯಿಗೆ ನೀರು ಬಿಟ್ಟುಕೊಂಡ ಹಾಗೂ ಇರಲಿಲ್ಲ.

ಅದು ಶಲವಡಿಯ ಕುಬೇರಪ್ಪನ ಮನೆಯ ಪಡಸಾಲೆ, ಶುಕ್ರವಾರ ಬೆಳಗಿನ ಹತ್ತು ಗಂಟೆ. ಕಾಶಿನಾಥ ಕುಬೇರಪ್ಪನ ಒಬ್ಬನೇ ಮಗ. ಮೂವತ್ತಾರು ತುಂಬಿದೆ. ಹದಿನೆಂಟು ಎಕರೆ ಎರೆಹೊಲವಿದೆ, ಸ್ವಂತ ಟ್ರ್ಯಾಕ್ಟರಿದೆ, ಕುಡಿಯುವ ಚಟವಿಲ್ಲ. ಇಷ್ಟಿದ್ದರೂ ಏಳು ವರ್ಷದಿಂದ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ನವಲಗುಂದಕ್ಕೆ ಹೋದರೂ ಅದೇ ಮಾತು, ಕುಂದಗೋಳಕ್ಕೆ ಹೋದರೂ ಅದೇ ಮಾತು: ಹುಡುಗಿಗೆ ನೌಕರಿಯವ ಬೇಕಂತ್ರಿ. ಕೊನೆಗೆ ಕುಬೇರಪ್ಪ ಅಳ್ನಾವರ ಕಡೆಯ ಅಂದಾನೆಪ್ಪ ಎಂಬ ದಲ್ಲಾಳಿಯನ್ನು ಹಿಡಿದ. ಅವನು ಒಡಿಶಾದಿಂದ ಮಿನತಿ ಎಂಬ ಇಪ್ಪತ್ತೆರಡರ ಹುಡುಗಿಯನ್ನೂ ಅವಳ ಸೋದರಮಾವನನ್ನೂ ರೈಲಿನಲ್ಲಿ ಕರೆತಂದು ಪಡಸಾಲೆಯಲ್ಲಿ ಕೂರಿಸಿದ್ದ. ಗಂಡಿನವರು ಹೆಣ್ಣಿನ ಮನೆಗೆ ಹೋಗಿ ನೋಡಿ ಬರುವ ಕಾಲ ಹೋಯಿತು. ಸಂತೆಯಿಂದ ಎಮ್ಮೆ ಹೊಡೆದುಕೊಂಡು ಬಂದ ಹಾಗೆ ಹೆಣ್ಣನ್ನೇ ಬಾಗಿಲಿಗೆ ತರಿಸಿಕೊಳ್ಳುವ ಕಾಲ ಬಂತು. ಕುಬೇರಪ್ಪನ ಅಕ್ಕ ಶಾರದವ್ವನಿಗೆ ಇದು ಸೇರಿರಲಿಲ್ಲ. ಆದರೆ ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದವಳು, ತಮ್ಮನ ಹೆಂಡತಿಯೂ ತೀರಿದ ಮೇಲೆ ಎಂಟು ವರ್ಷದಿಂದ ಒಬ್ಬಳೇ ಒಲೆ ಮುಂದೆ ಕೂತವಳು. ಮನೆಗೊಂದು ಹೆಣ್ಣು ಬರಲಿ ಎಂಬ ಆಸೆ ಅವಳಿಗೂ ಇತ್ತು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದಳು.

ಫೋನಿನಲ್ಲಿ ಮಾತು ತರ್ಜುಮೆ ಮಾಡುವ ಆ ಆ್ಯಪು ಹಾಕಿಕೊಟ್ಟವನು ಸಂಗನಬಸವ. ಕುಬೇರಪ್ಪನ ತಮ್ಮನ ಮಗ, ಅಣ್ಣಿಗೇರಿಯ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಮಾಸ್ತರ. ಆ ಯಂತ್ರವನ್ನು ತಾನೇ ಹೆತ್ತು ಸಾಕಿದವನ ಹಾಗೆ ಬೀಗುತ್ತಿದ್ದ.

"ಅತ್ತಿ, ಇದು ಕೋಟಿಗಟ್ಟಲೆ ಮಾತು ಓದಿ ಕಲ್ತೈತಿ. ಎರಡು ವರ್ಷದ ಹಿಂದ ಒಡಿಯಾ ಅಂದ್ರ ತಡವರಸ್ತಿತ್ತು. ಈಗ ನೂರಕ್ಕ ತೊಂಬತ್ತೈದು ಸರಿ. ಇನ್ನೆರಡು ವರ್ಷ ಬಿಡ್ರಿ, ಕಿವ್ಯಾಗ ಒಂದು ಗುಂಡಿ ಇಟ್ಕೊಂಡ್ರ ಮುಗೀತು. ಅಕಿ ತನ್ನ ಭಾಷಾದಾಗ ಮಾತಾಡ್ತಾಳ, ಇಂವಗ ಕನ್ನಡದಾಗ ಕೇಳಸ್ತೈತಿ. ಭಾಷಾ ಕಲಿಯೂ ತ್ರಾಸ ಯಾರಿಗೂ ಇಲ್ಲ."

"ಅಂದ್ರ ಗಂಡ ಹೆಂಡ್ತಿ ಸಾಯೂತನಕ ಒಬ್ಬರ ಮಾತು ಒಬ್ಬರು ಕಲೀಲಾರದ ಬಾಳೇವು ಮಾಡಬಹುದು ಅನ್ನು" ಎಂದಳು ಶಾರದವ್ವ.

"ಅಗದಿ ಆರಾಮ ಮಾಡಬಹುದು ಅತ್ತಿ!" ಎಂದ ಸಂಗನಬಸವ. ಹೊಗಳಿದಳೆಂದು ತಿಳಿದುಕೊಂಡಿತ್ತು ಆ ಮುಂಡೇದು.

ಕುಬೇರಪ್ಪ ಫೋನಿನ ಮುಂದೆ ಬಾಗಿ, ಕಿವುಡರಿಗೆ ಹೇಳುವಂತೆ ಬಿಡಿಸಿ ಬಿಡಿಸಿ, "ತಂಗೀ, ನಿನಗೆ ಈ ಮದುವೆ ಒಪ್ಪಿಗೆ ಇದೆಯೇನು?" ಎಂದು ಕೇಳಿದ. ಫೋನು ಅದನ್ನು ಒಡಿಯಾದಲ್ಲಿ ಹೇಳಿತು. ಸೋದರಮಾವ ಫೋನನ್ನು ಹುಡುಗಿಯ ಬಾಯ ಹತ್ತಿರ ಹಿಡಿದ. ಅವಳು ಫೋನನ್ನು ನೋಡಲಿಲ್ಲ, ಮಾವನ ಮುಖ ನೋಡಿದಳು. ಆಮೇಲೆ ಏನೋ ಅಂದಳು.

"ಹೌದು, ನನಗೆ ಒಪ್ಪಿಗೆ ಇದೆ" ಎಂದಿತು ಫೋನು.

"ಏನ್ ಸ್ವಚ್ಛ ಹೇಳ್ತು ನೋಡ್ರಿ, ಒಂದಕ್ಷರ ತಪ್ಪಿಲ್ಲ!" ಎಂದು ಕುಬೇರಪ್ಪ ತೊಡೆ ತಟ್ಟಿಕೊಂಡ. ಅಂದಾನೆಪ್ಪ ಚಪ್ಪಾಳೆ ಹೊಡೆದ. ಕಾಶಿನಾಥ ನೆಲ ನೋಡುತ್ತ ನಕ್ಕ. ಪಾಪದ ಗಂಡಸು ಎಂದು ಊರೆಲ್ಲ ಹೇಳುತ್ತಿದ್ದುದು ಅವನ ಆ ನಗುವನ್ನು ನೋಡಿಯೇ.

ಆಗ ಶಾರದವ್ವ ಎದ್ದಳು. ಏಳಲೇಬೇಕಿತ್ತು, ಅದು ಆ ಮನೆತನದ ಪದ್ಧತಿ. ಹಿಂದೆ ಎಂದೋ, ಬೇಡವೆನ್ನಲಾರದೆ ತಾಳಿ ಕಟ್ಟಿಸಿಕೊಂಡ ಸೊಸೆಯೊಬ್ಬಳು ಆರೇ ತಿಂಗಳಲ್ಲಿ ಊರ ಕೆರೆಯ ಪಾಲಾದಳಂತೆ. ಅಂದಿನಿಂದ ಪಡಸಾಲೆಯಲ್ಲಿ ಹುಡುಗಿ ಹೌದೆಂದದ್ದನ್ನು ಈ ಮನೆಯವರು ಹೌದೆಂದು ಹಿಡಿಯುವುದಿಲ್ಲ. ಗಂಡಿನ ಕಡೆಯ ಹಿರಿಯ ಹೆಣ್ಣುಮಗಳು ಹುಡುಗಿಯನ್ನು ಅಡಿಗೆಮನೆಗೆ ಕರೆದೊಯ್ದು, ಬಾಗಿಲು ಹಾಕಿ, ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟು ಇನ್ನೊಮ್ಮೆ ಕೇಳಬೇಕು. ಮನಸ್ಸಿದ್ದರೆ ಹುಡುಗಿ ಬೆಲ್ಲ ತಿನ್ನುತ್ತಾಳೆ. ಇಲ್ಲದಿದ್ದರೆ ತಿರುಗಿ ಡಬ್ಬಿಗೆ ಹಾಕುತ್ತಾಳೆ. ಹಾಕಿದರೆ, ಕೇಳಿದವಳು ಹೊರಗೆ ಬಂದು, "ನಮ್ಮ ಮನೆದೇವರು ಹೂ ಕೊಡಲಿಲ್ಲ" ಎನ್ನಬೇಕು. ತಪ್ಪು ಗಂಡಿನವರ ದೇವರ ಮೇಲೆ ಹೋಗುತ್ತದೆ, ಹುಡುಗಿಗೆ ಅವಳ ಮನೆಯಲ್ಲಿ ಏಟು ಬೀಳುವುದಿಲ್ಲ. ಹೂವಿನ ಮಾತು ಬಂದ ಮೇಲೆ ಗಂಡಸರು ತುಟಿ ಪಿಟಕ್ಕೆನ್ನುವುದಿಲ್ಲ. ಮನೆತನದ ಗಂಡುಮಕ್ಕಳಿಗಾಗಿ ಶಾರದವ್ವ ಹೀಗೆ ಹನ್ನೊಂದು ಹುಡುಗಿಯರನ್ನು ಕೇಳಿದ್ದಳು. ಮೂವರು ಬೆಲ್ಲ ತಿರುಗಿ ಹಾಕಿದ್ದರು. ಆ ಮೂವರ ಹೆಸರನ್ನು ಇವತ್ತಿನವರೆಗೂ ಯಾರ ಮುಂದೆಯೂ ಆಡಿದವಳಲ್ಲ.

"ಎಲ್ಲಿಗೆ ಅಕ್ಕಾ?" ಎಂದ ಕುಬೇರಪ್ಪ.

"ಅಡಿಗಿಮನಿಗೆ. ಹುಡುಗೀನ ಕಳಸು."

"ಅದ್ಯಾಕ ಬೇಕೀಗ? ಹಿಂದಕ ಹುಡುಗ್ಯಾರು ನಾಚಿಕೊಂಡು ಬಾಯಿ ಬಿಡ್ತಿದ್ದಿಲ್ಲ, ಕೇಳ್ತಿದ್ರಿ. ಇಕಿ ಎಲ್ಲಾರ ಮುಂದ ಹೇಳ್ಯಾಳ, ಮಷಿನ್ನು ಖರೇ ಮಾಡೇತಿ. ಅಷ್ಟಕ್ಕೂ ನಿನಗ ಇಕಿ ಮಾತು ಎಲ್ಲಿ ತಿಳೀತೈತಿ? ಕುಂದ್ರು."

ಅಂದಾನೆಪ್ಪ ಕಿಸಕ್ಕೆಂದು ನಕ್ಕ. ಶಾರದವ್ವನಿಗೆ ಅವಮಾನವಾಯಿತು. ಹೌದಲ್ಲ, ಒಳಗೆ ಕರೆದೊಯ್ದು ಏನಂತ ಕೇಳಲಿ, ಅವಳು ಏನಂದರೆ ಏನಂತ ತಿಳಿಯಲಿ ಎನಿಸಿತು. ಕೂತುಬಿಟ್ಟಳು. ಐವತ್ತೆಂಟು ವರ್ಷದ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಅವಳು ಎಂದೂ ಕೂತಿರಲಿಲ್ಲ. ಎಲ್ಲರ ಬಾಯಿಗೆ ಸಕ್ಕರೆ ಬಿತ್ತು. ಸೋಮವಾರ ಬೆಳಿಗ್ಗೆ ಊರ ಮಠದಲ್ಲಿ ಅಕ್ಷತೆ ಎಂದು ನಿಶ್ಚಯವಾಯಿತು. ಅಲ್ಲಿಯತನಕ ಹುಡುಗಿ ಮತ್ತು ಮಾವ ಇಲ್ಲೇ ಇರುವುದು.

ಶನಿವಾರವೆಲ್ಲ ಮನೆಯಲ್ಲಿ ಮನುಷ್ಯರ ದನಿ ಕಡಿಮೆಯಾಗಿ ಫೋನಿನ ದನಿಯೇ ಹೆಚ್ಚಾಯಿತು. ರೊಟ್ಟಿ ಬೇಕೇನೆಂದು ಫೋನು ಕೇಳಿತು, ಬೇಡವೆಂದೂ ಫೋನೇ ಹೇಳಿತು. "ಇಲ್ಲ, ನನಗೆ ಸಾಕು. ಧನ್ಯವಾದಗಳು." ಧನ್ಯವಾದಗಳು! ಆ ಮನೆಯಲ್ಲಿ ಹುಟ್ಟಿದವರಾಗಲಿ ಸತ್ತವರಾಗಲಿ ಒಬ್ಬರಿಗೊಬ್ಬರು ಧನ್ಯವಾದ ಹೇಳಿದ್ದನ್ನು ಶಾರದವ್ವ ಕೇಳಿರಲಿಲ್ಲ. ಇವಳು ಬೇಕೆಂದೇ ಗಡುಸಾಗಿ, "ಏನ್ ಬೇ, ಉಣಲಾರದ ಸಾಯ್ತೀಯೇನ?" ಎಂದರೆ ಆ ಯಂತ್ರ ಅದರಲ್ಲಿ ತನಗೆ ಸಿಕ್ಕ ಒಂದೆರಡು ಪದವನ್ನು ಅದೇ ನುಣುಪು ದನಿಯ ಸಕ್ಕರೆ ಪಾಕದಲ್ಲಿ ಅದ್ದಿ ಆಚೆ ದಾಟಿಸುತ್ತಿತ್ತು. ಬೈಗುಳವನ್ನು ಬೈಗುಳವಾಗಿ ಮುಟ್ಟಿಸುವ ನಿಯತ್ತೂ ಅದಕ್ಕೆ ಇರಲಿಲ್ಲ. ಹುಡುಗಿ ಅರ್ಧ ರೊಟ್ಟಿಯನ್ನು ಮುರಿದು ಮುರಿದು ತಾಟಿನ ತುಂಬ ಹರಡಿ ಎದ್ದಳು.

ಮಧ್ಯಾಹ್ನ ಮಾವ ಮತ್ತು ಅಂದಾನೆಪ್ಪ ಮದುವೆಯ ಬಟ್ಟೆಗೆಂದು ಅಣ್ಣಿಗೇರಿಗೆ ಹೋದರು. ಕಾಶಿನಾಥ ಮತ್ತು ಹುಡುಗಿ ಹಿತ್ತಲ ಕಟ್ಟೆಯ ಮೇಲೆ, ನಡುವೆ ಫೋನು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಹುಡುಗಿ ಮತ್ತೆ ಮತ್ತೆ ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಪರವಾಗಿಲ್ಲ, ಹೊಂದಿಕೊಳ್ಳುತ್ತಿದ್ದಾರೆ ಎಂದುಕೊಂಡಳು ಶಾರದವ್ವ. ಆದರೆ ಸಂಜೆ ಆ ಹುಡುಗಿ ಒಳಗೆ ಬಂದಾಗಿನಿಂದ ಫೋನಿಗೆ ಬೆನ್ನು ಹಾಕಿ ಕೂರತೊಡಗಿದಳು. ಅದು ಏನು ಕೇಳಿದರೂ ಒಂದೇ ಒಂದು ಮಾತು ಆಡುತ್ತಿದ್ದಳು, ಅದು "ಹೌದು" ಎನ್ನುತ್ತಿತ್ತು.

ರವಿವಾರ ಬೆಳಿಗ್ಗೆ ಶಾರದವ್ವನಿಗೆ ತಡೆಯಲಾಗಲಿಲ್ಲ. ಹುಡುಗಿಗೆ ರೊಟ್ಟಿ ಬಡಿಯುವುದನ್ನು ಕಲಿಸುತ್ತೇನೆಂದು ಹೇಳಿ ಕಾಶಿನಾಥನ ಫೋನು ಕೇಳಿದಳು. ಅವನು ಯಾಕೋ ಹಿಂದೆಮುಂದೆ ನೋಡಿ ಕೊಟ್ಟ. ಅವಳು ಮಿನತಿಯನ್ನು ಅಡಿಗೆಮನೆಗೆ ಕರೆದೊಯ್ದು ಅಗುಳಿ ಹಾಕಿದಳು. ಬೆಲ್ಲದ ಡಬ್ಬಿ ಇಳಿಸಿ, ಒಂದು ಚೂರು ಅವಳ ಅಂಗೈಯಲ್ಲಿಟ್ಟು, ಫೋನಿಗೆ ಹೇಳಿದಳು: "ತಂಗೀ, ನಿನ್ನ ಮನಸಿನ್ಯಾಗ ಏನೈತಿ ಖರೇ ಹೇಳು. ಹೆದರಬ್ಯಾಡ, ನಾ ಅದೀನಿ."

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಮತ್ತೊಮ್ಮೆ ಹೇಳಿ" ಎಂದಿತು ಫೋನು.

ಮತ್ತೊಮ್ಮೆ ಹೇಳಿದಳು. ಮತ್ತೆ ಕ್ಷಮಿಸಿ. ಕೋಟಿಗಟ್ಟಲೆ ಮಾತು ಓದಿದ ಆ ಪಂಡಿತೆಗೆ ಶಲವಡಿಯ ಹೆಂಗಸಿನ ಒಂದು ಮಾತು ತಿಳಿಯಲಿಲ್ಲ. ಕೊನೆಗೆ ಶಾರದವ್ವ ತನ್ನ ನಾಲಗೆಯನ್ನು ತಾನೇ ಹಿಂಡಿ, ಏಳನೆಯ ಇಯತ್ತೆಯ ಪುಸ್ತಕ ಓದುವವಳ ಹಾಗೆ, "ನಿನಗೆ ಈ ಮದುವೆ ಇಷ್ಟ ಇದೆಯಾ?" ಎಂದಳು. ಫೋನು ಖುಷಿಯಿಂದ ಒಡಿಯಾಕ್ಕೆ ತಿರುಗಿಸಿತು.

ಹುಡುಗಿ ಫೋನಿನ ಕಡೆ ನೋಡಿದಳು. ಒಮ್ಮೆ ಕಚ್ಚಿದ ನಾಯಿಯನ್ನು ನೋಡುವ ನೋಟ ಅದು. ಅವಳು ಸೋತ ದನಿಯಲ್ಲಿ ಅದೇ ಒಂದು ಮಾತು ಆಡಿದಳು.

"ಹೌದು, ನನಗೆ ಇಷ್ಟ ಇದೆ."

ಬೆಲ್ಲ ಮಾತ್ರ ಅಂಗೈಯಲ್ಲಿ ಇದ್ದ ಹಾಗೇ ಇತ್ತು.

ಶಾರದವ್ವ ಫೋನನ್ನು ತೆಗೆದುಕೊಂಡು ಹೋಗಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಳು. ಹುಡುಗಿ ಅದನ್ನು ನೋಡಿದಳು. ಶಾರದವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತು, ತನ್ನ ಬರಿಗೊರಳಿನ ಸುತ್ತ ಬೆರಳು ಆಡಿಸಿ ತಾಳಿ ತೋರಿಸಿದಳು, ಪಡಸಾಲೆಯ ಕಡೆ ಕೈ ಮಾಡಿದಳು. ಬೆಲ್ಲ ತೋರಿಸಿ ಬಾಯಿ ತೋರಿಸಿದಳು. "ಇದು ಬೇಕಂದ್ರ ತಿನ್ನು." ಆಮೇಲೆ ಬೆಲ್ಲ ತೋರಿಸಿ ಬೆಲ್ಲದ ಡಬ್ಬಿ ತೋರಿಸಿದಳು, ಕಿಟಕಿಯಾಚೆ ದೂರಕ್ಕೆ ಕೈ ಮಾಡಿದಳು. "ಬ್ಯಾಡಂದ್ರ ಇದರಾಗ ಒಗಿ. ನಿಮ್ಮೂರು. ನಿಮ್ಮವ್ವ." ಕೂಸನ್ನು ಎತ್ತಿಕೊಂಡವಳ ಹಾಗೆ ತೋಳು ತೂಗಿದಳು.

"ಮಾ" ಎಂದಳು ಹುಡುಗಿ.

"ಹೂಂ, ಮಾ."

ಮಿನತಿ ಬೆಲ್ಲವನ್ನು ಡಬ್ಬಿಗೆ ಹಾಕಿದಳು. ಬರೇ ಹಾಕಲಿಲ್ಲ, ಉಳಿದ ಚೂರುಗಳ ಕೆಳಗೆ ಒತ್ತಿ ಮುಚ್ಚಿದಳು. ಮುಚ್ಚಳ ಹಾಕಿ ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದು, ದನಿ ಬರದ ಹಾಗೆ ಅತ್ತಳು. ಶಾರದವ್ವನಿಗೆ ತನ್ನ ಮೇಲೇ ಅಸಹ್ಯವಾಯಿತು. ಇಷ್ಟು ತಿಳಿಯಲು ಯಾವ ಭಾಷೆ ಬೇಕಾಗಿತ್ತು? ಶುಕ್ರವಾರವೇ ಇದನ್ನು ಕೇಳಬಹುದಿತ್ತು. ಅಂದಾನೆಪ್ಪ ನಕ್ಕನೆಂದು ಕೂತ ತನ್ನ ಕಾಲಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಹಿಟ್ಟಿನಿಂದ ಫೋನು ತೆಗೆದು, ಸೆರಗಿನಲ್ಲಿ ಒರೆಸಿ, ಹೊರಗೆ ಬಂದಳು. ಪಡಸಾಲೆಯಲ್ಲಿ ಗಂಡಸರೆಲ್ಲ ಚಹಾ ಕುಡಿಯುತ್ತಿದ್ದರು.

"ನಮ್ಮ ಮನಿದೇವ್ರು ಹೂ ಕೊಡಲಿಲ್ಲ" ಎಂದಳು.

ಕುಬೇರಪ್ಪನ ಚಹಾದ ಕಪ್ಪು ಬಸಿಯ ಮೇಲೆ ಟಣ್ಣೆಂದಿತು. ಆ ಮಾತಿನ ಅರ್ಥ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಮನೆಯಲ್ಲಿ ಹುಟ್ಟಿದ ಪ್ರತಿಯೊಬ್ಬ ಗಂಡಸಿಗೂ ಅದು ಗೊತ್ತಿತ್ತು. ಆದರೂ ಅವನು, ಅವರ ಅಪ್ಪ ಅಜ್ಜ ಯಾರೂ ಮಾಡದ ಕೆಲಸ ಮಾಡಿದ. ಹೂವಿನ ಮಾತಿಗೆ ಎದುರಾಡಿದ.

"ಹೂವಿನ ಕಥಿ ಬ್ಯಾಡಕ್ಕಾ. ಹುಡುಗಿ ತಾನ ಬಾಯಿಬಿಟ್ಟು ಹೇಳ್ಯಾಳ. ಸಾಕ್ಷಿ ಐತಿ. ಸಂಗನಬಸವಾ, ತೋರಸಲೇ."

ಸಂಗನಬಸವ ಮೇಲೆದ್ದು ಫೋನು ಇಸಿದುಕೊಂಡ. "ಆಡಿದ್ದೆಲ್ಲಾ ಇದರಾಗ ಉಳೀತೈತ್ರಿ, ಎರಡೂ ಭಾಷಾದಾಗ" ಎಂದು ಬೆರಳಿನಿಂದ ಸರಿಸುತ್ತ, ಹಾಜರಿ ಕೂಗುವ ದನಿಯಲ್ಲಿ ಓದಿದ. "ಶುಕ್ರವಾರ. ನಿನಗೆ ಈ ಮದುವೆ ಒಪ್ಪಿಗೆ ಇದೆಯೇನು? ಹೌದು, ನನಗೆ ಒಪ್ಪಿಗೆ ಇದೆ. ಇವತ್ತು, ರವಿವಾರ. ನಿನಗೆ ಈ ಮದುವೆ ಇಷ್ಟ ಇದೆಯಾ? ಹೌದು, ನನಗೆ ಇಷ್ಟ ಇದೆ. ಈಗ ಅರ್ಧಾ ತಾಸಿನ ಕೆಳಗ ಕೇಳಿದ್ದು. ನೀವ ಕೇಳೀರಿ ಅತ್ತಿ, ನಿಮ್ಮ ಮುಂದನೂ ಹೌದಂದಾಳ!"

ಶಾರದವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹುಡುಗಿಯನ್ನು ಉಳಿಸಲು ಹೋಗಿ ಅವಳ ಕೊರಳಿಗೆ ತಾನೇ ಇನ್ನೊಂದು ಗಂಟು ಹಾಕಿದ್ದಳು. ಆಗ ಅವಳ ಕಣ್ಣಿಗೆ ಬಿದ್ದದ್ದು ಸಂಗನಬಸವನ ಬೆರಳು. ಅದು ಪರದೆಯ ಮೇಲೆ ಸರಿಯುತ್ತ ಸರಿಯುತ್ತ ಒಂದು ಕಡೆ ನಿಂತುಬಿಟ್ಟಿತ್ತು. ಅವನ ಮುಖದ ಹುರುಪು ಇಳಿದಿತ್ತು.

"ಶನಿವಾರದ್ದು ಓದಲಿಲ್ಲ ನೀನು" ಎಂದಳು.

"ಅದೇನ್ ಇಲ್ಲ ಬಿಡ್ರಿ ಅತ್ತಿ..."

"ಕೊಡಿಲ್ಲೆ." ಕಸಿದುಕೊಂಡಳು. ಏಳನೆಯ ಇಯತ್ತೆ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು. ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು.

"ದಯವಿಟ್ಟು ನನ್ನನ್ನು ನನ್ನ ಅಮ್ಮನ ಬಳಿ ಕಳುಹಿಸಿ. ನನಗೆ ಮದುವೆ ಬೇಡ. ಕೆಲಸ ಕೊಡಿಸುತ್ತೇನೆ ಎಂದು ಹೇಳಿ ಮಾವ ಕರೆತಂದಿದ್ದಾರೆ."

ಕೆಳಗೆ ಕಾಶಿನಾಥನ ಮಾತಿತ್ತು: "ನೀನು ಊಟ ಮಾಡಿದೆಯಾ?"

ಅದರ ಕೆಳಗೆ ಮತ್ತೆ ಹುಡುಗಿ: "ದಯವಿಟ್ಟು. ನನಗೆ ಇಲ್ಲಿ ಇರಲು ಇಷ್ಟವಿಲ್ಲ. ನೀವು ಒಳ್ಳೆಯವರಂತೆ ಕಾಣುತ್ತೀರಿ."

ಕಾಶಿನಾಥ: "ನಮ್ಮ ಹೊಲ ಹದಿನೆಂಟು ಎಕರೆ ಇದೆ."

ಮೂರನೆಯ ಸಲವೂ ಅವಳು ಹೇಳಿದ್ದಳು. ಅದಕ್ಕೆ ಇವನು ಏನೂ ಹೇಳಿರಲಿಲ್ಲ.

ಮೊದಲು ಬಾಯಿ ಬಂದದ್ದು ಅಂದಾನೆಪ್ಪನಿಗೆ. "ಅದು ಮಷಿನ್ ತಪ್ಪರಿ. ಒಡಿಯಾ ಇನ್ನೂ ಛಲೋ ಕಲ್ತಿಲ್ಲ ಅದು."

"ಹೌದೌದು" ಎಂದ ಕುಬೇರಪ್ಪ. "ಯಂತ್ರದ ಮಾತಿಗೆ ಏನ್ ನಂಬಿಕಿ? ಅಕಿ ಏನರ ಅಂದಿರ್ತಾಳ, ಇದು ಏನರ ಅಂದಿರ್ತೈತಿ."

"ನೂರಕ್ಕ ಐದು ತಪ್ಪಾಗತಾವರಿ" ಎಂದ ಸಂಗನಬಸವ. "ಆ ಐದರಾಗಿನ ಮಾತಿರಬೇಕು."

ಶಾರದವ್ವ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಶುಕ್ರವಾರ ಒಂದಕ್ಷರ ತಪ್ಪಿಲ್ಲವೆಂದು ತೊಡೆ ತಟ್ಟಿದವರು ಇವರೇ. ಹೌದೆಂದರೆ ಸರಿ, ಬೇಡವೆಂದರೆ ಯಂತ್ರದ ತಪ್ಪು. ಎರಡು ದಿನ ಆ ಫೋನಿನ ಮೇಲೆ ಹೇಸಿದ್ದಳು. ಅದು ಪಾಪ, ತನಗೆ ತಿಳಿದಷ್ಟನ್ನು ಇದ್ದದ್ದು ಇದ್ದ ಹಾಗೆ ದಾಟಿಸಿತ್ತು. ಈಗ ಹೇಸಿಕೆ ಬಂದದ್ದು ಈ ತನ್ನ ರಕ್ತದವರ ಮೇಲೆ.

"ನೀ ಹೇಳೋ ಕಾಶೀ. ನಿನಗೂ ಮಷಿನ್ ತಪ್ಪು ಅನಿಸ್ತೇನು?"

ಕಾಶಿನಾಥ ತಲೆ ಎತ್ತಲಿಲ್ಲ. "ತಪ್ಪಿರಬೇಕು ಅನ್ಕೊಂಡೆ ಅತ್ತಿ. ಹಂಗ ಅನ್ಕೊಂಡ್ರ... ಛಲೋ ಅನಿಸ್ತು."

"ಮೂರು ಸಲ ತಪ್ಪು?"

ಊರವರು ಪಾಪದವನೆಂದು ಹೇಳುವ ಆ ನಗು ಅವನ ತುಟಿಯ ಮೇಲೆ ಬರುವುದರಲ್ಲಿತ್ತು. ಆರು ತಿಂಗಳ ಕೂಸಿದ್ದಾಗಿಂದ ಶಾರದವ್ವ ಎತ್ತಿ ಆಡಿಸಿದ ಹುಡುಗ. "ಥೂ, ಹೇಸಿ" ಎಂದಳು. "ನಿನಗ ಹೆಂಡತಿ ಬೇಕಾಗಿದ್ದಿಲ್ಲೋ. ಹೌದು ಅನ್ನೂದೊಂದು ಬೇಕಾಗಿತ್ತು. ಅದನ್ನ ಆ ಫೋನ ಅಂತೈತಿ, ಅದನ್ನ ಕಟಗೊಂಡು ಬಾಳೇವು ಮಾಡು."

"ಅಕ್ಕಾ, ನಾಳಿ ಮಠದಾಗ ಏನ್ ಮಾರಿ ತೋರಸೂದು?" ಕುಬೇರಪ್ಪ ಎದ್ದು ನಿಂತ.

"ಎಂಥಾ ಐತಿ ಅಂಥಾದ ತೋರಸು."

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಿಗೆ ಮಿನತಿ ಬಂದು ನಿಂತಿದ್ದಳು. ಶಾರದವ್ವ ಕೈಯಲ್ಲಿದ್ದ ಫೋನನ್ನು ನೋಡಿದಳು. ಎರಡು ದಿನದಿಂದ ಅದು ಈ ಮನೆಯ ಎಲ್ಲರ ಕೈಯಲ್ಲಿ ಆಡಿತ್ತು. ಹುಡುಗಿಯ ಬಾಯಿಗೆ ಹಿಡಿದರು, ಕಿವಿಗೆ ಹಿಡಿದರು, ಅವಳ ಕೈಗೆ ಮಾತ್ರ ಒಬ್ಬರೂ ಕೊಟ್ಟಿರಲಿಲ್ಲ. ಆ ಆ್ಯಪನ್ನು ಮುಚ್ಚುವುದು ಹೇಗೆಂದು ತಿಳಿಯದೆ ಅಲ್ಲಿ ಇಲ್ಲಿ ಒತ್ತಿ, ನಂಬರು ಒತ್ತುವ ಅಂಕಿಗಳು ಕಂಡ ಕೂಡಲೆ ಅವಳ ಕೈಗಿಟ್ಟಳು.

"ಮಾ" ಎಂದಳು.

ಮೂಲೆಯಲ್ಲಿ ಗುಟಕಾ ಅಗಿಯುತ್ತಿದ್ದ ಸೋದರಮಾವ ದಡಕ್ಕನೆ ಎದ್ದ. ಶಾರದವ್ವ ಅವನಿಗೆ ಅಡ್ಡ ನಿಂತು, "ಒಂದು ಹೆಜ್ಜಿ ಮುಂದ ಇಡು, ಕಾಲು ಮುರೀತೀನಿ" ಎಂದಳು. ಇದನ್ನು ತಿಳಿಯಲು ಅವನಿಗೆ ಯಂತ್ರ ಬೇಕಾಗಲಿಲ್ಲ. ಕೂತ.

ಮಿನತಿ ಹತ್ತು ಅಂಕಿಗಳನ್ನು ನೆನಪಿನಿಂದಲೇ ಒತ್ತಿದಳು. ಕಿವಿಗೆ ಹಿಡಿದು ಕಾದಳು. ಆಚೆಯಿಂದ ಒಬ್ಬ ಹೆಂಗಸು ಏನೋ ಅಂದದ್ದು ಪಡಸಾಲೆಗೂ ಕೇಳಿಸಿತು. ಆಮೇಲೆ ಹುಡುಗಿಯ ಬಾಯಿಂದ ಮಾತು ಹೊರಟಿತು. ಎರಡು ದಿನದಿಂದ ಅವಳು ಆಡಿದ್ದನ್ನೆಲ್ಲ ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಅಳುತ್ತ, ಬೈಯುತ್ತ, ಮತ್ತೆ ಅಳುತ್ತ, ಗೋಡೆಗೆ ಹಣೆ ಹಚ್ಚಿಕೊಂಡು ಮಾತಾಡಿದಳು. ಅವಳ ಖರೆ ದನಿ ಇಷ್ಟು ಗಡುಸೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಂಗನಬಸವ ಮೆಲ್ಲಗೆ ಹತ್ತಿರ ಬಂದು, ತನ್ನ ಕಿಸೆಯಿಂದ ತನ್ನ ಫೋನು ತೆಗೆದ. "ಅತ್ತಿ, ನನ್ನದರಾಗ ಆ್ಯಪ್ ಹಚ್ಚಿ ಬಾಜೂಕ ಹಿಡೀಲೇನು? ಏನಂತಾಳ ತಿಳೀತೈತಿ."

ಶಾರದವ್ವ ಅವನ ಕೈಗೆ ಪಟ್ಟನೆ ಒಂದು ಏಟು ಕೊಟ್ಟಳು.

"ತಗೀಲೇ ಕೈ. ನಿಮಗ ತಿಳೀಲಿ ಅಂತ ಮೂರು ಸಲ ಹೇಳಿದ್ಲು. ಈಗ ಅವರವ್ವಗ ಹೇಳಾಕತ್ತಾಳ."